ಕಡತ ದರ್ಶನ: ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಕೇಂದ್ರಾಡಳಿತದ ಪ್ರಮಾಣ ವಿಚಾರ

ನಮ್ಮ ದೇಶದ ದರ್ಶನಗಳು ಆರು. ಚಾರ್ವಾಕ, ಬೌದ್ಧ, ಜೈನರನ್ನು ಸೇರಿಸಿಕೊಂಡರೆ ಒಂಬತ್ತು. ಹತ್ತನೆಯದೊಂದು ಇದೆಯೆಂಬುದು ಪಂಡಿತರ ಗಮನಕ್ಕೆ ಬಾರದೆ ಹೋಗಿದೆ. ಅದರ ಆಚಾರ್ಯರು ಮಠಗಳಲ್ಲಿಲ್ಲ. ದಿಲ್ಲಿಯ ಕೃಷಿ ಭವನ, ವಾಣಿಜ್ಯ ಭವನ, ಇಂದಿರಾ ಪರ್ಯಾವರಣ ಭವನಗಳಲ್ಲಿ ಕುಳಿತಿದ್ದಾರೆ. ಬರೆದದ್ದಕ್ಕೆ ಹೆಸರು ಹಾಕುವುದಿಲ್ಲ, ಚಿಕ್ಕ ಸಹಿ ಮಾತ್ರ. ಇಂಥ ನಿರಹಂಕಾರಿಗಳ ಈ ಸಂಪ್ರದಾಯವನ್ನು ನಾವು ಕಡತ ದರ್ಶನವೆಂದು ಕರೆಯುತ್ತೇವೆ.

ಇದನ್ನು ಅಭ್ಯಸಿಸಲು ದಿಲ್ಲಿಗೇ ಹೋಗಬೇಕೆಂದಿಲ್ಲ. ಹೊಗೆ ಕಂಡಲ್ಲಿ ಬೆಂಕಿಯನ್ನು ಅನುಮಾನಿಸಬಹುದೆಂದು ತಾರ್ಕಿಕರು ಒಪ್ಪಿದ್ದಾರೆ. ಆದ್ದರಿಂದ ಹೊಗೆ ದಟ್ಟವಾಗಿರುವ ಸೀಮೆಯೊಂದನ್ನು ಆರಿಸಿಕೊಂಡೆವು. ಪಶ್ಚಿಮಕ್ಕೆ ಕುಮಾರಧಾರೆಯು ನೇತ್ರಾವತಿಯನ್ನು ಕೂಡುವ ಉಪ್ಪಿನಂಗಡಿ, ಪೂರ್ವಕ್ಕೆ ಕುಮಾರಪರ್ವತದ ತಪ್ಪಲು, ದಕ್ಷಿಣಕ್ಕೆ ಸಂಪಾಜೆ ಘಾಟಿ. ಇಲ್ಲಿಯ ಜನ ಹಗಲು ಅಡಿಕೆ ಬೆಳೆಯುತ್ತಾರೆ, ರಾತ್ರಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ. ವಾದಕ್ಕೆ ಹಿಂಜರಿಯುವವರಲ್ಲ. ಪೂರ್ವಪಕ್ಷಕ್ಕೆ ಇದಕ್ಕಿಂತ ಯೋಗ್ಯವಾದ ಕ್ಷೇತ್ರ ಸಿಗಲಾರದು.

ಈ ದರ್ಶನದ ಮೂಲಗ್ರಂಥ 1961ರ ಭಾರತ ಸರ್ಕಾರದ ಕಾರ್ಯಹಂಚಿಕೆ ನಿಯಮಗಳು. ಸಂವಿಧಾನದ 77ನೇ ವಿಧಿಯೇ ಅದರ ಶ್ರುತಿ. ಲೋಕದ ಯಾವ ವಸ್ತು ಯಾವ ಸಚಿವಾಲಯಕ್ಕೆ ಸೇರಿದ್ದೆಂದು ಅಲ್ಲಿ ವಿಧಿಸಲಾಗಿದೆ. ವಸ್ತು ಏನು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಯಾರದು ಎಂಬುದು ತೀರ್ಮಾನವಾದರೆ ಏನು ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಒಂದು ಎಕರೆ ತೋಟವನ್ನು ನೋಡಿ. ಅಡಿಕೆ ಮರ ಕೃಷಿ ಸಚಿವಾಲಯದ್ದು. ಅದಕ್ಕೆ ಹಬ್ಬಿಸಿದ ಒಳ್ಳೆಮೆಣಸು ಬಳ್ಳಿಯಲ್ಲಿ ಇರುವಷ್ಟು ದಿನ ಅದೇ ಸಚಿವಾಲಯದ್ದು. ಕೊಯ್ದು ಒಣಗಿಸಿ ಹಡಗು ಹತ್ತಿಸಲು ಹೊರಟಿರೋ, ವಾಣಿಜ್ಯ ಸಚಿವಾಲಯದ ಸಾಂಬಾರ ಮಂಡಳಿಯ ಸೊತ್ತು. ಮೇಲಿನ ಗುಡ್ಡದ ರಬ್ಬರ್ ಮರದಲ್ಲಿರುವಾಗಲೇ ವಾಣಿಜ್ಯ. ಅಡಿಕೆ ಮತ್ತು ಸಾಂಬಾರ ಬೆಳೆಗಳ ಅಭಿವೃದ್ಧಿ ನಿರ್ದೇಶನಾಲಯ ಕೋಯಿಕ್ಕೋಡಿನಲ್ಲಿ, ತೆಂಗಿನ ಮಂಡಳಿ ಕೊಚ್ಚಿಯಲ್ಲಿ, ರಬ್ಬರ್ ಮಂಡಳಿ ಕೊಟ್ಟಾಯಂನಲ್ಲಿ, ತೋಟಬೆಳೆಗಳ ಸಂಶೋಧನಾ ಸಂಸ್ಥೆ ಕಾಸರಗೋಡಿನಲ್ಲಿ. ಮರದ ಬುಡದ ಕೊಕ್ಕೊ ಮತ್ತು ಬೇಲಿಯಾಚೆಯ ಗೇರು, ಈ ಎರಡಕ್ಕೂ ಸೇರಿ ಕೊಚ್ಚಿಯಲ್ಲಿ ಒಂದೇ ಅಭಿವೃದ್ಧಿ ನಿರ್ದೇಶನಾಲಯ. ಆದರೆ ಗೇರಿನ ಸಂಶೋಧನಾ ಕೇಂದ್ರ ಮಾತ್ರ 1986ರಿಂದ ಪುತ್ತೂರಿನ ಮೊಟ್ಟೆತ್ತಡ್ಕದಲ್ಲೇ ಇದೆ. ಅಂದರೆ ಗೇರುಬೀಜದ ಜ್ಞಾನಕಾಂಡ ಪುತ್ತೂರಿನಲ್ಲಿ, ಕರ್ಮಕಾಂಡ ಕೊಚ್ಚಿಯಲ್ಲಿ. ಎರಡರ ಸಮುಚ್ಚಯ ಸಾಧ್ಯವೋ ಅಲ್ಲವೋ ಎಂದು ಭಾಷ್ಯಕಾರರು ಶತಮಾನಗಳಿಂದ ಜಗಳಾಡುತ್ತಿದ್ದಾರೆ. ನಾವು ನಡುವೆ ಬಾಯಿ ಹಾಕುವುದಿಲ್ಲ.

ಇನ್ನು ಅಡಿಕೆಯ ಸ್ವರೂಪ ನಿರ್ಣಯ. ಇದು ಈ ಶಾಸ್ತ್ರದ ಶಿಖರ.

ಪುತ್ತೂರು ಪೇಟೆಯ ಮಂಡಿಯಲ್ಲಿ ಅಡಿಕೆಯನ್ನು ಹೊಸತು, ಹಳತು, ಡಬಲ್ ಚೋಲ್, ಪಟೋರ, ಉಳ್ಳಿ, ಕರಿಗೋಟು ಎಂದೆಲ್ಲ ಬಿಡಿಸುತ್ತಾರೆ. ಅಡಿಕೆ ಸುಲಿಯುವ ಹೆಂಗಸು ಕೈಗೆ ತಗಲಿದೊಡನೆ ಜಾತಿ ಹೇಳಬಲ್ಲಳು. ಇದು ಪ್ರತ್ಯಕ್ಷ ಪ್ರಮಾಣ, ಆದ್ದರಿಂದ ದಿಲ್ಲಿಯಲ್ಲಿ ಅಗ್ರಾಹ್ಯ. ಕಸ್ಟಮ್ಸ್ ಸುಂಕಪಟ್ಟಿಯ ಎಂಟನೆಯ ಅಧ್ಯಾಯದ ಪ್ರಕಾರ ಅಡಿಕೆಯಲ್ಲಿ ನಾಲ್ಕೇ ವಿಧ: ಇಡಿ, ಹೋಳು, ಪುಡಿ, ಮತ್ತು ಇತರೆ. ಈ ಅಧ್ಯಾಯದ ಅಡಿಕೆಗೆ ನೂರಕ್ಕೆ ನೂರು ಸುಂಕ. ಜೊತೆಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಕನಿಷ್ಠ ಆಮದು ಬೆಲೆಯೊಂದನ್ನು ಗೊತ್ತುಪಡಿಸುತ್ತದೆ. ಕಿಲೋಗೆ 251 ರೂಪಾಯಿ ಇದ್ದದ್ದು 2023ರ ಫೆಬ್ರವರಿಯಲ್ಲಿ 351 ಆಯಿತು. ಅದಕ್ಕಿಂತ ಅಗ್ಗದ ಅಡಿಕೆ ಹೊರಗಿನಿಂದ ಬರುವಂತಿಲ್ಲ. ಸಂಸತ್ತಿನಲ್ಲಿ ಮತ ಹಾಕಲಿಲ್ಲ, ಯಾರೂ ಮೇಜು ಕುಟ್ಟಲಿಲ್ಲ. ಒಂದು ಅಧಿಸೂಚನೆ, ಒಂದು ಅಂಕಿ. ಈ ಮೂರು ತಾಲೂಕುಗಳಲ್ಲಿ ಎಷ್ಟು ಮದುವೆ ಈ ವರ್ಷ, ಎಷ್ಟು ಮುಂದಿನ ವರ್ಷ ಎಂಬುದನ್ನು ಇಂಥ ಅಂಕಿಗಳೇ ತೀರ್ಮಾನಿಸುತ್ತವೆ.

ಈಗ ಸೂಕ್ಷ್ಮಕ್ಕೆ ಬನ್ನಿ. ಅದೇ ಅಡಿಕೆ ‘ಸುಪಾರಿ’ ಎನ್ನಿಸಿಕೊಂಡರೆ ಇಪ್ಪತ್ತೊಂದನೆಯ ಅಧ್ಯಾಯಕ್ಕೆ ಹೋಗುತ್ತದೆ. ಹುರಿದರೆ ಇಪ್ಪತ್ತನೆಯದಕ್ಕೆ. ಕನಿಷ್ಠ ಬೆಲೆಯ ಕಟ್ಟು ಇದ್ದದ್ದು ಎಂಟನೆಯದಕ್ಕೆ. ಹಾಗಾಗಿ ಅಗ್ನಿಸ್ಪರ್ಶ ಮಾತ್ರದಿಂದ ಅಡಿಕೆಗೆ ಎರಡನೆಯ ಜನ್ಮ ಬಂತು, ಹಿಂದಿನ ಜನ್ಮದ ಋಣಗಳೆಲ್ಲ ಹರಿದವು. ಎಷ್ಟು ಬಿಸಿ ತಾಗಿದರೆ ಹುರಿದಂತೆ, ಎಷ್ಟಕ್ಕೆ ಬರೀ ಒಣಗಿದಂತೆ ಎಂಬ ವಿಚಾರ ಮುಂಗಡ ನಿರ್ಣಯ ಪ್ರಾಧಿಕಾರದಿಂದ ಮದ್ರಾಸ್ ಹೈಕೋರ್ಟಿನವರೆಗೂ ಹೋಯಿತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಮಹಾನಿರ್ದೇಶನಾಲಯ ಹುರಿದದ್ದಕ್ಕೂ ಅದೇ 351ರ ಕಟ್ಟು ಹಾಕಿತು. ಕೋಪಿಷ್ಠ ಋಷಿಯೊಬ್ಬರು ದ್ವಿಜತ್ವವನ್ನು ಹಿಂತೆಗೆದುಕೊಂಡ ದೃಷ್ಟಾಂತ ಪುರಾಣಗಳಲ್ಲಿ ಸಿಗಬಹುದು. ಸುಂಕಪಟ್ಟಿಯಲ್ಲಿ ನಾವು ಕಂಡದ್ದು ಇದೊಂದೇ.

ಕ್ಷೇತ್ರಮಹಿಮೆಯನ್ನೂ ಮರೆಯಬಾರದು. ಭೂತಾನದ ಹಸಿ ಅಡಿಕೆ ವರ್ಷಕ್ಕೆ 17,000 ಟನ್‌ವರೆಗೆ ಪಶ್ಚಿಮ ಬಂಗಾಳದ ಜಯಗಾಂವ್ ಗಡಿಯಲ್ಲಿ ಬಂದರೆ ಕನಿಷ್ಠ ಬೆಲೆಯ ಬಂಧನವಿಲ್ಲವೆಂದು 2022ರ ಸೆಪ್ಟೆಂಬರಿನಲ್ಲಿ ಆದೇಶವಾಯಿತು. ಬೇರೆ ದ್ವಾರದಲ್ಲಿ ಬಂದವರಿಗೆ ಆ ಆದೇಶದಲ್ಲಿ ಮುಕ್ತಿ ಹೇಳಿರಲಿಲ್ಲ.

ಇನ್ನೊಂದು ಕಡೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಂದಿನಿಂದ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳಿಂದ ಅಡಿಕೆಯನ್ನು ರಕ್ಷಿಸುವ ಹೊಣೆ ಕೃಷಿ ಸಚಿವಾಲಯದ್ದು, ಅಡಿಕೆಯಿಂದ ಜನರನ್ನು ರಕ್ಷಿಸುವ ಹೊಣೆ ಆರೋಗ್ಯ ಸಚಿವಾಲಯದ್ದು. ಎರಡೂ ಒಂದೇ ಸರ್ಕಾರ. ಜೈನರ ಅನೇಕಾಂತವಾದವನ್ನು ಬಲ್ಲವರಿಗೆ ಇಲ್ಲಿ ವಿರೋಧ ಕಾಣದು. ಅರಂತೋಡು, ಸಂಪಾಜೆಯ ಕಡೆ ಹಳದಿ ರೋಗಕ್ಕೆ ತೋಟ ಕೊಟ್ಟು ಕೂತವರಿಗೆ ಕಂಡೀತು, ಅವರು ಜೈನರಲ್ಲ.

ಇವನ್ನೆಲ್ಲ ನಡೆಸುವವರು ಯಾರು? ಮಂತ್ರಿಗಳು ಎಂಬುದು ಲೌಕಿಕರ ಭ್ರಮೆ. ಸೆಕ್ಷನ್ ಆಫೀಸರ್ ಹಸಿರು ಹಾಳೆಯಲ್ಲಿ ಟಿಪ್ಪಣಿ ಎತ್ತುತ್ತಾರೆ. ಅದು ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ ಎಂಬ ಗುರುಪರಂಪರೆಯನ್ನು ಹತ್ತುತ್ತದೆ. ‘ದಯವಿಟ್ಟು ಚರ್ಚಿಸಿ’ ಎಂಬ ಮಂತ್ರದೊಡನೆ ಇಳಿಯುತ್ತದೆ, ಪುನಃ ಹತ್ತುತ್ತದೆ. ಮಂತ್ರಿಗಳ ಮೇಜಿಗೆ ಬರುವಾಗ ಅದರಲ್ಲಿ ಮೂರು ದಾರಿ ಇರುತ್ತವೆ. ಒಂದನೆಯದು ಕಾನೂನಿಗೆ ವಿರುದ್ಧ, ಎರಡನೆಯದಕ್ಕೆ ಹಣಕಾಸು ಇಲಾಖೆ ಒಪ್ಪುವುದಿಲ್ಲ. ಮಂತ್ರಿಗಳು ಪೂರ್ಣ ಸ್ವಾತಂತ್ರ್ಯದಿಂದ ಮೂರನೆಯದನ್ನು ಆರಿಸುತ್ತಾರೆ. ಈಗ ಹಾಳೆ ಹೋಗಿ ಇ-ಆಫೀಸ್ ಬಂದಿದೆ. ಹತ್ತುವುದು ಇಳಿಯುವುದು ಹಾಗೇ ಇದೆ, ಧೂಳು ಮಾತ್ರ ಇಲ್ಲ.

ಮಳೆಯ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಕೇಂದ್ರದ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ರೈತನ ಪಾಲು ಶೇ. 5, ಅಂದರೆ 6,400 ರೂಪಾಯಿ. ಪರಿಹಾರ ಬರುವುದು ತೋಟ ನೋಡಿ ಅಲ್ಲ, ಗ್ರಾಮ ಪಂಚಾಯತ್ ವ್ಯಾಪ್ತಿಯ ಮಳೆಮಾಪಕ ನೋಡಿ. ಇಲ್ಲಿ ಗುತ್ತಿಗಾರು ಕಡೆಯ ಪೂರ್ವಪಕ್ಷಿಯೊಬ್ಬರು ಎದ್ದರು.

“ಸ್ವಾಮೀ, ಮೂರು ವಾರ ಬಿಡದೆ ಸುರಿದು ನನ್ನ ತೋಟಕ್ಕೆ ಕೊಳೆರೋಗ ಬಂದಿದೆ. ಬೋರ್ಡೋ ದ್ರಾವಣ ಹೊಡೆಯಲಿಕ್ಕೆ ಒಂದು ದಿನ ಬಿಸಿಲು ಕೊಡಲಿಲ್ಲ.”

“ಮಾಪಕದಲ್ಲಿ ಬಂದಿದೆಯೋ?”

“ಮಾಪಕ ಇರುವುದು ಗುಡ್ಡದ ಆಚೆ.”

“ಹಾಗಾದರೆ ಮಳೆಯೂ ಗುಡ್ಡದ ಆಚೆ. ತಾವು ನೆನೆದದ್ದು ವಿಮೆಯ ಲೆಕ್ಕಕ್ಕೆ ಸೇರದ ನೀರಿನಲ್ಲಿ.”

ಇದನ್ನು ಅನ್ಯಾಯವೆನ್ನುವವರು ಒಂದನ್ನು ಯೋಚಿಸಬೇಕು: ತೋಟ ತೋಟಕ್ಕೂ ಹೋಗಿ ಕೊಳೆತ ಅಡಿಕೆ ಎಣಿಸುವ ಕ್ರಮವಿದ್ದರೆ ದುಡ್ಡು ಬರುವಾಗ ಮೊಮ್ಮಗನ ಕಾಲ. ಮಾಪಕದ ಅಂಧತ್ವದಿಂದಲೇ ಅದು ಬೇಗ. ಕೆಲವು ವರ್ಷ ಕೊಳೆರೋಗವೇ ಇಲ್ಲದವರ ಖಾತೆಗೂ ಹಣ ಬಿದ್ದಿದೆ; ಅವರು ಪೂರ್ವಪಕ್ಷಕ್ಕೆ ಏಳಲಿಲ್ಲ.

ಕೊನೆಯ ಪ್ರಕರಣ ಕರಡು. ಇದು ಕ್ಲಿಷ್ಟ, ಓದುಗರು ಎಲೆಯಡಿಕೆ ಹಾಕಿಕೊಂಡು ಕೂರುವುದು ಒಳ್ಳೆಯದು.

ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದನ್ನು ಪರಿಶೀಲಿಸಿ ಕಸ್ತೂರಿರಂಗನ್ ನೇತೃತ್ವದ ತಂಡ 2013ರಲ್ಲಿ ಇನ್ನೊಂದು ವರದಿ ಕೊಟ್ಟಿತು. ಅದರ ಮೇಲೆ ಪರಿಸರ ಸಚಿವಾಲಯ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು 2014ರ ಮಾರ್ಚ್‌ನಲ್ಲಿ ಹೊರಡಿಸಿತು. ಅನಂತರ 2015, 2017, 2018, 2022ರಲ್ಲಿ. ಆರನೆಯದು 2024ರ ಜುಲೈ 31ಕ್ಕೆ. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, ಆರು ರಾಜ್ಯಗಳಲ್ಲಿ ಅತಿ ದೊಡ್ಡದು. ಪ್ರತಿ ಸಲ ಆಕ್ಷೇಪಣೆಗೆ 60 ದಿನ. ಪ್ರತಿ ಸಲ ಸುಬ್ರಹ್ಮಣ್ಯ, ಕೊಲ್ಲಮೊಗ್ರು, ಶಿರಿಬಾಗಿಲಿನಂಥ ಊರುಗಳಲ್ಲಿ ಸಭೆ, ನಿರ್ಣಯ, ಮನವಿ. ಅವಧಿಯೊಳಗೆ ಅಂತಿಮವಾಗದೆ ಕರಡು ಕಾಲವಾಗುತ್ತದೆ, ಹೊಸ ದೇಹ ಧರಿಸಿ ಪುನಃ ಹುಟ್ಟುತ್ತದೆ.

ಇಂಥದ್ದನ್ನು ಇದೆ ಎನ್ನಬೇಕೋ ಇಲ್ಲ ಎನ್ನಬೇಕೋ? ಇದೆಯೆನ್ನಲು ಅದು ಅಂತಿಮವಾಗಿಲ್ಲ. ಇಲ್ಲವೆನ್ನಲು, 2013ರ ನವೆಂಬರ್ 13ರ ನಿರ್ದೇಶನವೊಂದು ಆ ಪ್ರದೇಶದಲ್ಲಿ ಹೊಸ ಗಣಿ, ಕಲ್ಲುಕೋರೆ, ಕೆಂಪು ವರ್ಗದ ಕೈಗಾರಿಕೆಗಳನ್ನು ಮೊದಲೇ ತಡೆದು ಕೂತಿದೆ. ಇದೆಯೂ ಅಲ್ಲ, ಇಲ್ಲವೂ ಅಲ್ಲ. ಅದ್ವೈತಿಗಳು ಇದನ್ನೇ ಅನಿರ್ವಚನೀಯವೆಂದರು. ಹಗ್ಗದಲ್ಲಿ ಹಾವು ಕಂಡವನು ನಿಜವಾಗಿಯೇ ಓಡುತ್ತಾನೆ. ಹಾಗೆಯೇ ಹುಟ್ಟದ ಅಧಿಸೂಚನೆಗೆ ಹೆದರಿ ಜಾಗ ಮಾರಿದವರೂ, ಕಡಿಮೆಗೆ ಕೊಂಡವರೂ ಘಟ್ಟದ ಬುಡದಲ್ಲಿ ಇದ್ದೇ ಇದ್ದಾರೆ. ನೀತಿಯೆಂದರೆ ಜಾರಿಗೆ ಬಂದದ್ದು ಎಂದುಕೊಂಡವರು ಪಾಠವನ್ನು ಮೊದಲಿನಿಂದ ಓದಬೇಕು.

ಒಂದು ಮಾತನ್ನು ಮಾತ್ರ ಶಾಸ್ತ್ರದ ಹೊರಗೆ ನಿಂತು ಹೇಳುತ್ತೇವೆ. ಐದನೆಯ ಕರಡು ಬಂದು ತಿಂಗಳು ತುಂಬುವ ಮೊದಲೇ, 2022ರ ಆಗಸ್ಟ್ ಆರಂಭದಲ್ಲಿ, ಸುಬ್ರಹ್ಮಣ್ಯದಲ್ಲಿ ಗುಡ್ಡ ಜರಿದು ಮಕ್ಕಳು ಸತ್ತರು. ಆರನೆಯದರ ಹಿಂದಿನ ದಿನ ವಯನಾಡು ಕುಸಿಯಿತು. ಮಣ್ಣು ಆಕ್ಷೇಪಣೆಯ ಅವಧಿ ಮುಗಿಯಲೆಂದು ಕಾಯಲಿಲ್ಲ. ಎರಡು ತಿಂಗಳ ಬಳಿಕ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಪರ ವಿರೋಧ ಎರಡೂ ಪಕ್ಷದವರ ಬಳಿ ಒಳ್ಳೆಯ ವಾದಗಳಿವೆ. ಕೇಳಿ ಮುಗಿಸುವವರು ಇಲ್ಲ.

ಈ ನಡುವೆ ತಾಲೂಕೇ ಬದಲಾಯಿತು. ಮೊದಲ ಕರಡಿನ ಕಾಲಕ್ಕೆ ಸುಬ್ರಹ್ಮಣ್ಯ ಸುಳ್ಯದಲ್ಲಿತ್ತು, ಈಗ ಕಡಬದಲ್ಲಿದೆ. ಕರಡಿಗೆ ಹೋಲಿಸಿದರೆ ಕಡಬ ತಾಲೂಕಿನ ಜನನ ಸುಗಮವಾಯಿತು ಎಂದು ಭಾವಿಸಬೇಡಿ. ವಾಸುದೇವ ರಾವ್, ಹುಂಡೇಕರ್, ಗದ್ದಿಗೌಡರ್, ಎಂ.ಬಿ. ಪ್ರಕಾಶ್ ಎಂದು ಎಪ್ಪತ್ತರ ದಶಕದಿಂದ ಒಂದರ ಹಿಂದೊಂದು ಸಮಿತಿ ರಾಜ್ಯದ ತಾಲೂಕುಗಳನ್ನು ಅಳೆದವು. ಕಡಬ ತಾಲೂಕು ಬಜೆಟ್‌ನಲ್ಲಿ ಘೋಷಣೆಯಾದದ್ದು 2013ರಲ್ಲಿ. ಕಡತ ದರ್ಶನ ದಿಲ್ಲಿಯ ಆಚಾರ್ಯರ ಸ್ವಂತ ಸೊತ್ತಲ್ಲವೆಂದೂ ಬೆಂಗಳೂರಿನಲ್ಲಿ ಅದಕ್ಕೆ ಪ್ರಬಲವಾದ ಉಪಶಾಖೆ ಇದೆಯೆಂದೂ ಇದರಿಂದ ಸಿದ್ಧ.

ಇಷ್ಟಾದ ಮೇಲೆ ಆ ಗುತ್ತಿಗಾರಿನ ಪೂರ್ವಪಕ್ಷಿ ಪುನಃ ಎದ್ದರು. ಮಳೆಯ ಪ್ರಕರಣದಲ್ಲಿ ಸೋತವರು ಈಗ ಶಾಸ್ತ್ರ ಓದಿಕೊಂಡು ಬಂದಿದ್ದರು.

“ಕರಡಿನಲ್ಲಿ ನಿಷೇಧ ಕೆಂಪು ವರ್ಗಕ್ಕೆ ಅಲ್ಲವೋ?”

“ಹೌದು.”

“ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಬಿಳಿ ವರ್ಗ ಅಂತ ಒಂದು ಮಾಡಿದೆ, ಅದಕ್ಕೆ ತಕರಾರು ಇಲ್ಲ ಅಲ್ಲವೋ?”

“ಇಲ್ಲ.”

“ಘಟ್ಟದ ಮೇಲಿನವರು ಬೇಯಿಸಿ ಮಾಡುವುದು ಕೆಂಪಡಿಕೆ. ನಾವು ಅಂಗಳದಲ್ಲಿ ಬಿಸಿಲಿಗೆ ಹಾಕಿ ಮಾಡುವ ಚಾಲಿ ಬಿಳಿ ಅಡಿಕೆ. ಅಂದ ಮೇಲೆ ನಾನು ಯಾವ ವರ್ಗ ಅಂತ ಅಪ್ಪಣೆ ಕೊಡಿಸಿ.”

ಸಿದ್ಧಾಂತಿಗಳು ಬಹಳ ಹೊತ್ತು ಸುಮ್ಮನಿದ್ದು, ಪ್ರಶ್ನೆಯನ್ನು ಲಿಖಿತವಾಗಿ ಮೂರು ಪ್ರತಿಯಲ್ಲಿ ಕೊಡುವಂತೆ ಕೇಳಿದರು.