ಮುಕ್ಕಾಲಿ ಹೊತ್ತವನ ಹಂಪಿ

ಪ್ರವಾಸಿ ಛಾಯಾಗ್ರಾಹಕನನ್ನು ಹಂಪಿಯಲ್ಲಿ ಗುರುತಿಸುವುದು ಕಷ್ಟವಲ್ಲ. ಎಲ್ಲರೂ ದೇವರ ಮುಂದೆ ಕೈಮುಗಿದು ನಿಂತಿದ್ದರೆ ಅವನೊಬ್ಬ ದೇವರಿಗೆ ಬೆನ್ನು ಹಾಕಿ ಕಂಬದ ಬುಡದಲ್ಲಿ ಬೋರಲು ಬಿದ್ದಿರುತ್ತಾನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಬ್ಯಾಟರಿಗೆ ಚಾರ್ಜಿರಬೇಕು ಎಂಬುದು ಅವನ ವ್ರತ. ಸ್ಫೂರ್ತಿ ಎಲ್ಲಿಂದ ಬಂತೆಂದು ಕೇಳಿದರೆ ಆಕಾಶ ನೋಡುತ್ತಾನೆ. ನಿಜ ಹೇಳಬೇಕೆಂದರೆ, ಅದು ಬಂದದ್ದು ಅವನಿಗಿಂತ ಮೊದಲು ಬಂದವರ ಫೋಟೋಗಳಿಂದ.

ಹಾಗಾಗಿಯೇ ನಸುಕಿನಲ್ಲಿ ಮತಂಗ ಪರ್ವತದ ನೆತ್ತಿಯ ಮೇಲೆ ಜಾತ್ರೆ. ಮತಂಗ ಮುನಿಯ ಶಾಪಕ್ಕೆ ಹೆದರಿ ವಾಲಿ ಈ ಕಡೆ ಸುಳಿಯುತ್ತಿರಲಿಲ್ಲವಂತೆ. ಅದಕ್ಕೇ ಸುಗ್ರೀವ ಇಲ್ಲಿ ನೆಮ್ಮದಿಯಾಗಿದ್ದ. ಈಗಿನ ಬೆಳಗುಗಳಲ್ಲಿ ಅವನಿಗೂ ಜಾಗ ಸಿಗುವುದು ಅನುಮಾನ. ಕೆಳಗೆ ಅಚ್ಯುತರಾಯ ದೇವಾಲಯ, ಅದರ ಮುಂದೆ ಉದ್ದಕ್ಕೆ ಹಾಳು ಬಿದ್ದ ಬಜಾರು, ಆಚೆಗೆ ಬಂಡೆಯೋ ಬಂಡೆ. ಯಾರೂ ತೆಗೆಯದ ಚಿತ್ರವನ್ನು ಹುಡುಕುತ್ತ ನಮ್ಮವನು ಕತ್ತಲಲ್ಲಿ ತಡಕಾಡುವಾಗ ಊರಿನ ಹುಡುಗನೊಬ್ಬ ಕನಿಕರದಿಂದ ಕರೆಯುತ್ತಾನೆ: "ಅಣ್ಣಾ, ಎಲ್ಲಾರೂ ಈ ಕಲ್ಲಿನ ಮ್ಯಾಲೇ ನಿಂತು ತೆಗೀತಾರ. ನೀವೂ ಇಲ್ಲೇ ಬರ್ರಿ."

ಅವನು ಹೋಗುತ್ತಾನೆ.

ಮುಂದಿನ ಗುರಿ ವಿಠ್ಠಲ ದೇವಾಲಯದ ಕಲ್ಲಿನ ರಥ. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವಿದೆ, ಅಂದರೆ ದೇಶದ ಜೇಬುಜೇಬಿನಲ್ಲೂ ಇದೆ. ಆದರೂ ತಾನೊಂದು ತೆಗೆಯದಿದ್ದರೆ ರಥಕ್ಕೇ ಅಪಮಾನವೆಂದು ಅವನ ನಂಬಿಕೆ. ಬಾಗಿಲು ತೆರೆಯುವ ಹೊತ್ತಿಗೆ ಎಳೆಬಿಸಿಲು ಬಲಿತಿರುತ್ತದೆ. ಅಷ್ಟರಲ್ಲಿ ಕಾವಲುಗಾರರ ಕಣ್ಣು ಅವನ ಹೆಗಲಿನ ಮೇಲೆ ಬೀಳುತ್ತದೆ. "ಸರ, ಸ್ಟ್ಯಾಂಡ್ ಒಳಗ ಬಿಡಂಗಿಲ್ರಿ. ಪರ್ಮಿಷನ್ ಐತೇನ್ರಿ?" ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಮುಕ್ಕಾಲಿ ನಿಲ್ಲಿಸಲು ಮೊದಲೇ ಅನುಮತಿ ಬೇಕು. ಬೆಟ್ಟದ ತುದಿಯವರೆಗೆ ಹೊತ್ತು ತಿರುಗಿದ ಸ್ಟ್ಯಾಂಡನ್ನು ಅವನು ಗೇಟಿನಲ್ಲೇ ಬಿಟ್ಟು ಒಳಗೆ ನಡೆಯುತ್ತಾನೆ.

ಇವನ ಕಷ್ಟವೆಲ್ಲ ಏನೂ ಅಲ್ಲ ಅನಿಸಬೇಕಾದರೆ ಅಲೆಕ್ಸಾಂಡರ್ ಗ್ರೀನ್‌ಲಾನ ನೆನಪಾಗಬೇಕು. ಮದ್ರಾಸ್ ಸೈನ್ಯದ ಈ ಅಧಿಕಾರಿ 1856ರಲ್ಲಿ ದೊಡ್ಡ ಮರದ ಕ್ಯಾಮೆರಾ, ಮೇಣ ಸವರಿದ ಕಾಗದದ ನೆಗೆಟಿವ್, ರಾಸಾಯನಿಕಗಳ ಸರಂಜಾಮು ಎಲ್ಲವನ್ನೂ ಸಾಗಿಸಿಕೊಂಡು ಹಂಪಿಗೆ ಬಂದ. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಉಣಿಸಬೇಕಾಗಿದ್ದ ಕಾಲ ಅದು. ಅಷ್ಟು ಹೊತ್ತು ಅಲುಗದೆ ನಿಲ್ಲುವುದು ಮನುಷ್ಯರಿಂದ ಆಗುವ ಮಾತಲ್ಲ, ಮಂಗಗಳನ್ನಂತೂ ಕೇಳುವುದೇ ಬೇಡ. ಹಂಪಿಯ ಬಂಡೆಗಳಷ್ಟು ವಿಧೇಯ ಮಾದರಿ ಅವನಿಗೆ ಬೇರೆಲ್ಲಿ ಸಿಗಬೇಕಿತ್ತು? ನೋಡಿ ಅನುಕರಿಸಲು ಅವನ ಮುಂದೆ ಹಂಪಿಯ ಫೋಟೋಗಳ ಕಂತೆಯಿರಲಿಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಸ್ವಂತ ಕಾಲಿನಿಂದಲೇ ತಿಳಿಯಬೇಕಿತ್ತು. ಅವನ ಚಿತ್ರದಲ್ಲಿ ಕಲ್ಲಿನ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರವಿದೆ. ಆಮೇಲೆ ಅದನ್ನು ತೆಗೆದುಹಾಕಿದರು. ನಾವು ನೋಟಿನಲ್ಲಿ ನೋಡುವುದು ಬೋಳುತಲೆಯ ರಥ.

1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾನ ಚಿತ್ರಗಳನ್ನು ಮುಂದಿಟ್ಟುಕೊಂಡು, ಅವನು ನಿಂತ ಕಡೆಯೇ ನಿಂತು ಮತ್ತೆ ಫೋಟೋ ತೆಗೆದರು. ಅದೂ ನಕಲೇ. ಆದರೆ ಏನು ಉಳಿದಿದೆ, ಏನು ಬಿದ್ದಿದೆ, ಏನು ದುರಸ್ತಿಯಾಗಿದೆ ಎಂಬುದನ್ನು ಎರಡು ಚಿತ್ರ ಅಕ್ಕಪಕ್ಕ ಇಟ್ಟು ಓದುವಂತೆ ಮಾಡಿದ ನಕಲು. ನಮ್ಮವನ ನಕಲಿಗೂ ಇದಕ್ಕೂ ಅಷ್ಟೇ ವ್ಯತ್ಯಾಸ: ಅವರಿಗೆ ಹಿಂದಿನವನ ಹೆಸರು ಗೊತ್ತಿತ್ತು.

ಕ್ಯಾಮೆರಾ ಹುಟ್ಟುವ ಮೊದಲೇ ಫೋಟೋ ತೋರಿಸುತ್ತಿದ್ದ ಕೋಣೆಯೂ ಹಂಪಿಯಲ್ಲಿದೆ. ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲ ಮಂಟಪದಲ್ಲಿ ಸಣ್ಣ ಕಿಂಡಿಯಿಂದ ಬೆಳಕು ಬಂದು, ಪೂರ್ವದ ಒಂಬತ್ತು ಅಂತಸ್ತಿನ ಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಲೆನ್ಸಿಲ್ಲ, ಬ್ಯಾಟರಿಯಿಲ್ಲ, ಮುಕ್ಕಾಲಿಯಂತೂ ಇಲ್ಲವೇ ಇಲ್ಲ. ಲಕ್ಷ ರೂಪಾಯಿಯ ಕ್ಯಾಮೆರಾದಲ್ಲಿ ನಮ್ಮವನು ಅದನ್ನು ತೆಗೆದು, ಪರದೆಯನ್ನು ಬುಡಮೇಲು ಮಾಡಿ ಹಿಡಿದು, "ಈಗ ಸರಿಯಾಯ್ತು" ಎನ್ನುತ್ತಾನೆ.

ಮಧ್ಯಾಹ್ನ ಬಂಡೆ ಕಾದ ಮೇಲೆ ಅವನು ಮಿರ್ಚಿ, ವಗ್ಗರಣೆ ತಿಂದು ಮಲಗುತ್ತಾನೆ. ಬಿಸಿಲಲ್ಲಿ ನೆರಳು ಗಡುಸು, ಚಿತ್ರ ಚೆನ್ನಾಗಿ ಬರುವುದಿಲ್ಲವಂತೆ. ಊರಿನವರಿಗೆ ಆ ರಿಯಾಯಿತಿ ಇಲ್ಲ. ಅದೇ ಬಿಸಿಲಲ್ಲಿ ಬಾಳೆತೋಟಕ್ಕೆ ನೀರು ಹಾಯಿಸುತ್ತಿರುತ್ತಾರೆ. ಆ ನೀರು ಬರುವ ತುರ್ತಾ ಕಾಲುವೆ ವಿಜಯನಗರದ ಕಾಲದ್ದು. ಅರಮನೆಗಳಿಗೆ ಅಡಿಪಾಯ ಮಾತ್ರ ಉಳಿದಿರುವ ಊರಿನಲ್ಲಿ ಆ ಕಾಲುವೆ ಇವತ್ತಿಗೂ ಹರಿಯುತ್ತಿದೆ.

ಹಂಪಿಗೆ ಹೋಗುವ ಛಾಯಾಗ್ರಾಹಕರೇ, ಬೆಟ್ಟ ಹತ್ತಿ, ರಥವನ್ನೂ ತೆಗೆಯಿರಿ, ಬೇಡವೆನ್ನುವವರಾರು? ಆಮೇಲೆ ಒಂದಿಷ್ಟು ಹೊತ್ತು ತುರ್ತಾ ಕಾಲುವೆಯ ದಂಡೆ ಹಿಡಿದು ನಡೆಯಿರಿ. ಅಲ್ಲಿ ಟಿಕೆಟ್ಟೂ ಇಲ್ಲ, ಸಾಲೂ ಇಲ್ಲ.