ಎಲ್ಲ ಸೀಟಿಯ ಮಹಿಮೆ!

ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ಸ್ಯಾಕ್ರಮೆಂಟೊ ಕಿಂಗ್ಸ್‌ನ ಅಭಿಮಾನಿಯ ಎದುರು ಸುಮ್ಮನೆ ‘2002’ ಅಂದು ನೋಡಿ. ಆಮೇಲೆ ನಿಮ್ಮ ಸಂಜೆ ನಿಮ್ಮದಲ್ಲ. ಎನ್‌ಬಿಎ ಪ್ಲೇಆಫ್, ಪಶ್ಚಿಮ ವಲಯದ ಫೈನಲ್, ಆರನೇ ಪಂದ್ಯ. ಕೊನೆಯ ಕ್ವಾರ್ಟರ್ ಒಂದರಲ್ಲೇ ಎದುರಾಳಿ ಲೇಕರ್ಸ್‌ಗೆ ರೆಫರಿಗಳು ಕೊಟ್ಟದ್ದು 27 ಫ್ರೀ ಥ್ರೋ! ನಮ್ಮೂರ ಜಾತ್ರೆಯ ಪಾನಕವನ್ನೂ ಯಾರೂ ಇಷ್ಟು ಧಾರಾಳವಾಗಿ ಹಂಚಿದ್ದಿಲ್ಲ. ಲೇಕರ್ಸ್‌ನ ಕೋಬಿ ಬ್ರಯಂಟ್‌ನ ಮೊಣಕೈ ಕಿಂಗ್ಸ್‌ನ ಮೈಕ್ ಬಿಬ್ಬಿಯ ಮೂಗಿಗೆ ಬಡಿದು ರಕ್ತ ಬಂದರೂ ಕೋಬಿ ಮೇಲೆ ಸೀಟಿ ಊದಲಿಲ್ಲ. ರಾಲ್ಫ್ ನೇಡರ್ ಎಂಬ ಗ್ರಾಹಕ ಹೋರಾಟಗಾರರು ಲೀಗ್‌ನ ಕಮಿಷನರ್‌ಗೆ ಪತ್ರವನ್ನೇ ಬರೆದರು. ಪ್ರೇಕ್ಷಕನೂ ಗ್ರಾಹಕನೇ ಅಲ್ಲವೆ?

‘ನಿಜವಾಗಿ ಗೆಲ್ಲಬೇಕಾಗಿದ್ದವರು ನಾವು’ ಎಂದು ಕಿಂಗ್ಸ್ ಅಭಿಮಾನಿಗಳು ಕಣ್ಣೊರೆಸಿಕೊಳ್ಳುವಾಗ ಲೇಕರ್ಸ್ ಅಭಿಮಾನಿ ತಣ್ಣಗೆ ಕೇಳುತ್ತಾನೆ: ‘ಏಳನೇ ಪಂದ್ಯ ನಿಮ್ಮ ಅಂಗಳದಲ್ಲೇ ಇತ್ತಲ್ಲ ಮಾರಾಯ? 30 ಫ್ರೀ ಥ್ರೋನಲ್ಲಿ 14 ತಪ್ಪಿಸಿದಿರಿ. ಆಗೇನು ರೆಫರಿ ಬಂದು ಕೈ ಹಿಡಿದುಕೊಂಡಿದ್ದನೆ?’ ಇದಕ್ಕೆ ಉತ್ತರವಿಲ್ಲ. ಹಾಗಾಗಿ ವಾದ ಮತ್ತೆ ಆರನೇ ಪಂದ್ಯಕ್ಕೇ ಓಡುತ್ತದೆ.

ಇಂಥ ಜಗಳಗಂಟರಿಗೆ 2015ರಿಂದ ಲೀಗ್ ಒಂದು ಉಪಕಾರ ಮಾಡುತ್ತಿದೆ. ಬಿಗಿಯಾದ ಪಂದ್ಯಗಳ ಕೊನೆಯ ಎರಡು ನಿಮಿಷಗಳ ತೀರ್ಪುಗಳನ್ನು ಪರಿಶೀಲಿಸಿ, ಮರುದಿನ ವರದಿ ಕೊಡುತ್ತದೆ. ತಪ್ಪಾಗಿದ್ದರೆ ತಪ್ಪು ಎಂದೇ ಬರೆಯುತ್ತದೆ. ಸ್ಕೋರ್ ಮಾತ್ರ ಇದ್ದಲ್ಲೇ ಇರುತ್ತದೆ. ಮೊದಲು ಬಾಯಲ್ಲಿ ಜಗಳವಾಡುತ್ತಿದ್ದವರ ಕೈಗೆ ಈಗ ದಾಖಲೆಪತ್ರವೂ ಸಿಕ್ಕಿದೆ. ತಮ್ಮ ತಂಡಕ್ಕೆ ಲಾಭವಾದ ಸಾಲುಗಳನ್ನು ಯಾರೂ ಓದುವುದಿಲ್ಲ, ಅಷ್ಟೇ.