ಹಕ್ಕಲಿಗೆ ಬಿಟ್ಟ ಮೂಲೆ

ಕೊಟ್ಟೂರಿನ ನಮ್ಮ ಮನೆಗೂ ಬಾಜೂ ಮನೆಯ ಅಕ್ಕನ ಮನೆಗೂ ನಡುವೆ ಎದೆಮಟ್ಟದ ಒಂದು ಮೋಟು ಗೋಡೆ ಇದೆ. ಸಾರಿನ ಬಟ್ಟಲು, ಕರಿಬೇವು, ಪೇಪರು, ಮಕ್ಕಳ ಮಾರ್ಕ್ಸಿನ ಸುದ್ದಿ, ಎಲ್ಲವೂ ಅದರ ಮೇಲೆಯೇ ದಾಟುತ್ತವೆ. ನಾವು ಕೊಟ್ಟೂರೇಶ್ವರನ ಒಕ್ಕಲು. ಅಕ್ಕನದು ಕ್ರೈಸ್ತರ ಮನೆ. ಮೊನ್ನೆ ಅವರೆಕಾಯಿ ಸುಲಿಯುತ್ತ ನಿಂತಾಗ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

“ಅಕ್ಕಾ, ಐತವಾರ ನೀವು ಚರ್ಚಿಗೆ ಹೋಗೋದು ಎಲ್ಲಾರಿಗೂ ಕಾಣ್ತೈತಿ. ಉಳಿದ ಆರು ದಿನ ಏನು?”

“ಆರು ದಿನದ್ದೇ ದೊಡ್ಡ ಕೆಲಸ ತಂಗಿ. ಐತವಾರ ಕುಂತು ಕೇಳಿ ಬರೋದು, ಅಷ್ಟೇ.”

ಆ ಕೆಲಸ ಬೆಳಗಿನ ಐದು ಗಂಟೆಗೇ ಶುರುವಾಗುತ್ತದೆ. ಒಲೆ ಹಚ್ಚುವ ಮೊದಲು ಅಡುಗೆಮನೆಯಲ್ಲೇ ಮೊಣಕಾಲೂರಿ ಅಕ್ಕ ಪ್ರಾರ್ಥನೆ ಮಾಡುತ್ತಾರೆ. ಕಿಟಕಿ ನಮ್ಮ ಹಿತ್ತಲಿಗೇ ಬಾಯಿಬಿಟ್ಟಿರುವುದರಿಂದ ಬೇಡವೆಂದರೂ ಮಾತು ಕಿವಿಗೆ ಬೀಳುತ್ತದೆ. ಹರಪನಹಳ್ಳಿಗೆ ಕೊಟ್ಟ ಮಗಳು, ಹಗರಿಬೊಮ್ಮನಹಳ್ಳಿ ಆಸ್ಪತ್ರೆಯಲ್ಲಿ ಮಲಗಿರುವ ಯಾರದೋ ಅತ್ತೆ, ಗುಳೆ ಹೋಗಿ ಬೆಂಗಳೂರಿನ ಶೆಡ್ಡಿನಲ್ಲಿರುವ ಓಣಿಯ ಹುಡುಗರು, ಒಬ್ಬೊಬ್ಬರ ಹೆಸರನ್ನೂ ಹಿಡಿದು ದೇವರ ಮುಂದೆ ಇಡುತ್ತಾರೆ. ನನ್ನ ಮಗ ಪಿಯುಸಿ ಪರೀಕ್ಷೆ ಬರೆಯುವಾಗ ಅವನ ಹೆಸರೂ ಆ ಸಾಲಿನಲ್ಲಿ ಬಂತು. ನಾನು ಹೇಳಿ ಮಾಡಿಸಿದ್ದಲ್ಲ. ನನ್ನ ಮನೆಯ ಚಿಂತೆಯನ್ನು ಇನ್ನೊಂದು ಮನೆಯವರು ದಿನವೂ ನಸುಕಿನಲ್ಲಿ ನೆನೆಸುತ್ತಾರೆ ಎಂದು ಗೊತ್ತಾದಾಗ ಮೈ ಜುಮ್ಮೆಂದಿತ್ತು. ಹೆಸರು ಹೇಳಿದ ಮೇಲೆ ಸುಮ್ಮನಿರಲು ಬರುವುದಿಲ್ಲ ಎನ್ನುತ್ತಾರೆ ಅಕ್ಕ. ಬೆಳಗ್ಗೆ ನೆನೆದ ಅತ್ತೆಯನ್ನು ಮಧ್ಯಾಹ್ನ ಬಸ್ಸು ಹತ್ತಿ ನೋಡಿ ಬರದಿದ್ದರೆ ಅವರಿಗೆ ಸಂಜೆಯ ಊಟ ಸೇರದು.

ಅವರ ಕೈಯಲ್ಲಿರುವ ಸತ್ಯವೇದಕ್ಕೂ ನಮ್ಮ ಸೀಮೆಗೂ ಹಳೆಯ ನಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಅಲ್ಲಿಯೇ ಕೂತು ಬೈಬಲನ್ನು ಕನ್ನಡಕ್ಕೆ ತಂದರು. ಅವರ ಜೊತೆಗಿದ್ದ ವಿಲಿಯಂ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಎಲ್ಲರೂ ಹೆಸರು ಹೇಳುವ ಕಿಟೆಲ್ಲರ ಕನ್ನಡ ನಿಘಂಟು ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ, 1894ರಲ್ಲಿ. ಬಳ್ಳಾರಿಯ ಈ ಕೆಲಸವನ್ನು ನಾವು ನೆನೆಸುವುದು ಕಡಿಮೆ ಎಂಬ ಬೇಸರ ನನಗಿದೆ.

ಎಲ್ಲ ಕ್ರೈಸ್ತರ ನಡೆಯೂ ಒಂದೇ ಅಲ್ಲ ಎಂಬುದೂ ಈ ಗೋಡೆಯ ಬಳಿಯೇ ನನಗೆ ತಿಳಿದದ್ದು. ನಮ್ಮ ಅವ್ವ ಹರಿಹರದ ಆರೋಗ್ಯ ಮಾತೆಗೆ ಹರಕೆ ಹೊತ್ತು, ಸೆಪ್ಟೆಂಬರ್ 8ರ ಹಬ್ಬಕ್ಕೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಿದ್ದಳು. ನೀವೂ ಹೋಗುತ್ತೀರಾ ಎಂದರೆ ಅಕ್ಕ, “ಅದು ಕಥೋಲಿಕರ ಗುಡಿ. ನಾವು ಸಿಎಸ್‌ಐನವರು, ನಮ್ಮಲ್ಲಿ ಹರಕೆ ಇಲ್ಲ. ನಿಮ್ಮ ಅವ್ವಗ ಸಮಾಧಾನ ಸಿಕ್ಕಿದ್ದರ ಅದು ಒಳ್ಳೇದೇ ಅಲ್ಲೇನು?” ಎಂದಿದ್ದರು.

ನಮ್ಮೂರ ತೇರಿನ ದಿನಗಳಲ್ಲಿ ದಾವಣಗೆರೆ ಕಡೆಯಿಂದ ಸಾವಿರಾರು ಜನ ಪಾದಯಾತ್ರೆ ಬರುತ್ತಾರೆ. ಅಕ್ಕ ಬಾಗಿಲ ಮುಂದೆ ನೀರಿನ ಕೊಡ, ಮಜ್ಜಿಗೆ ಇಟ್ಟು ಕಾಯುತ್ತಾರೆ. ಕಾಲಿಗೆ ಬೊಕ್ಕೆ ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ ಎಣ್ಣೆ ಕೊಡುತ್ತಾರೆ. ಬಾಯಾರಿದವನಿಗೆ ಕೊಟ್ಟ ನೀರು ತನಗೇ ಕೊಟ್ಟದ್ದು ಎಂದು ಯೇಸು ಹೇಳಿದ್ದು ಅವರಿಗೆ ಬಾಯಿಪಾಠವಾದ ವಚನವಷ್ಟೇ ಅಲ್ಲ, ಕೊಡ ತುಂಬಿಸುವ ಲೆಕ್ಕ.

ಆದರೆ ನಾನು ಹೇಳಲೇಬೇಕೆಂದು ಕೂತದ್ದು ಅವರ ಶೇಂಗಾ ಹೊಲದ ವಿಷಯ.

ಕೂಡ್ಲಿಗಿ ರಸ್ತೆಯಲ್ಲಿ ಅವರಿಗೆ ಕೆಂಪು ಮಣ್ಣಿನ ಮಳೆಯಾಶ್ರಿತ ಹೊಲವಿದೆ. ಶೇಂಗಾ ಕೀಳುವ ಹೊತ್ತಿಗೆ ನೆಲ ಹಸಿಯಿದ್ದರೆ ಬಳ್ಳಿಯ ಜೊತೆ ಕಾಯಿ ಬರುತ್ತದೆ. ನೆಲ ಒಣಗಿ ಗಟ್ಟಿಯಾಗಿದ್ದರೆ ಬಳ್ಳಿ ಕೈಗೆ ಬಂದು ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಆಗ ಹೊಲದೊಡೆಯ ಇನ್ನೊಮ್ಮೆ ಕುಂಟೆ ಹೊಡೆಸಿ ಆರಿಸಿಕೊಳ್ಳುತ್ತಾನೆ. ಅದಾದ ಮೇಲೆ ಹೊಲವಿಲ್ಲದ ಹೆಣ್ಣುಮಕ್ಕಳು ಹಕ್ಕಲಾಯಲು ಬರುತ್ತಾರೆ. ಕುಡುಗೋಲಿನ ತುದಿಯಿಂದ ಕೆದಕಿ ಸಂಜೆಯವರೆಗೆ ಮಡಿಲು ತುಂಬಿದರೆ ಪುಣ್ಯ. ಅಕ್ಕ ಎರಡನೇ ಸಲ ಕುಂಟೆ ಹೊಡೆಸುವುದಿಲ್ಲ. ಅಷ್ಟೇ ಅಲ್ಲ, ರಸ್ತೆ ಕಡೆಯ ಮೂಲೆಯನ್ನು ಕೀಳದೆ ಹಾಗೇ ಬಿಡುತ್ತಾರೆ.

“ನಿಮಗೇನು ಹುಚ್ಚೇನ್ರಿ ಅಕ್ಕಾ? ಗೊಬ್ಬರ, ಬೀಜ, ಕೂಲಿ ಎಲ್ಲಾ ದುಬಾರಿ ಆಗ್ಯಾವು.”

ಆಗ ಅವರು ರೂತಳ ಕತೆ ಹೇಳಿದರು. ಗಂಡ ಸತ್ತ ಪರದೇಶಿ ಹೆಣ್ಣುಮಗಳು, ಅತ್ತೆ ನೊವೊಮಿಯ ಕೈಬಿಡದೆ ಬೇತ್ಲೆಹೇಮಿಗೆ ಬಂದು, ಹೊಟ್ಟೆಪಾಡಿಗೆ ಬೋವಜನ ಜವೆಗೋದಿ ಹೊಲದಲ್ಲಿ ಹಕ್ಕಲಾಯುತ್ತಾಳೆ. ಬೋವಜ ಬೇಕೆಂದೇ ಸಿವುಡಿನಿಂದ ತೆನೆ ಉದುರಿಸಿ ಬಿಡಿರೆಂದು ಆಳುಗಳಿಗೆ ಹೇಳುತ್ತಾನೆ. ಮುಂದೆ ಅವಳನ್ನೇ ಮದುವೆಯಾಗುತ್ತಾನೆ. ದಾವೀದ ಅರಸ ಅವಳ ಮರಿಮಗನಾಗಿ ಹುಟ್ಟುತ್ತಾನೆ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಬಿದ್ದದ್ದನ್ನು ಆರಿಸಬೇಡಿ, ಅದು ಬಡವರಿಗೆ, ಪರದೇಶಿಗಳಿಗೆ ಸೇರಿದ್ದು ಎಂಬ ಕಟ್ಟಳೆ ಯಾಜಕಕಾಂಡದ 19ನೇ ಅಧ್ಯಾಯದಲ್ಲಿದೆಯಂತೆ. ಅಕ್ಕ ಅದನ್ನು ಹಳೆಯ ಕಾಲದ ಮಾತೆಂದು ಬಿಡಲಿಲ್ಲ. ತಮ್ಮ ಹೊಲದ ಪಹಣಿಗೂ ಅದು ಅನ್ವಯಿಸುತ್ತದೆ ಎಂದು ನಂಬಿದ್ದಾರೆ. ದಾನ ಎಂಬ ಮಾತನ್ನು ಅವರು ಆಡುವುದೇ ಇಲ್ಲ. ಮೂಲೆಯ ಕಾಯಿ ಮೊದಲಿನಿಂದಲೂ ಹಕ್ಕಲಾಯುವವರದು, ಬಿತ್ತಿದ್ದು ಮಾತ್ರ ತಾವು ಎಂಬ ಧಾಟಿ. ಹಾಗಾಗಿ ಬಂದವರು ಅಂಜುತ್ತ, ಕೈಮುಗಿಯುತ್ತ ಬರಬೇಕಿಲ್ಲ. ಕಾಯಕ, ದಾಸೋಹ ಎಂದು ಕೇಳುತ್ತಲೇ ಬೆಳೆದ ನನಗೆ ಈ ಮಾತು ಪರಕೀಯ ಅನ್ನಿಸಲಿಲ್ಲ. ನಾವು ಆಡುವಷ್ಟು ಮಾಡುತ್ತಿದ್ದೇವೆಯೇ ಎಂಬ ಪ್ರಶ್ನೆ ಮಾತ್ರ ಚುಚ್ಚಿತು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ಅಕ್ಕನ ಹೊಲದಲ್ಲಿ ಬಳ್ಳಿ ನೆಲಕ್ಕೆ ಅಂಟಿಕೊಂಡು ಒಣಗಿತು, ಬೀಜದ ದುಡ್ಡೂ ಹುಟ್ಟಲಿಲ್ಲ. ಆ ವರ್ಷ ನಾನು ಸ್ವಲ್ಪ ಗಡುಸಾಗಿಯೇ ಕೇಳಿದ್ದೆ: “ದಿನಾ ನಸುಕಿನಾಗ ಬೇಡ್ಕೊಂತೀರಿ. ಕೇಳಿಸ್ಕೊಂಡನೇನು?”

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸಿಟ್ಟು ಬಂದೈತಿ ತಂಗಿ. ಅದನ್ನೂ ಅವನ ಮುಂದೇ ಹೇಳೀನಿ. ಸಿಟ್ಟು ಮಾಡ್ಕೊಂಡು ಮಾತು ಬಿಡಾಕ ಬರೂದಿಲ್ಲ” ಎಂದರು. ಈ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಯಿತೆಂದು ಹೇಳಲಾರೆ. ಒಳ್ಳೆಯವರ ಹೊಲವೇ ಯಾಕೆ ಒಣಗಬೇಕು ಎಂಬುದಕ್ಕೆ ಅದರಲ್ಲಿ ಜವಾಬಿಲ್ಲ. ಆದರೆ ಆ ಬರದಲ್ಲೂ ಅವರು ಮೂಲೆಗೆ ಕೈ ಹಚ್ಚಲಿಲ್ಲ. ಅಲ್ಲಿ ಒಂದು ಬುಟ್ಟಿ ಕಾಯಿಯೂ ಇದ್ದಿರಲಿಕ್ಕಿಲ್ಲ.

ಈ ಸಲ ಬಿತ್ತನೆಗೆ ಹದವಾದ ಮಳೆ ಬಿದ್ದಿದೆ. ಕೇರಿಯ ಹೆಣ್ಣುಮಕ್ಕಳು ನಿನ್ನೆ ಗೋಡೆಯ ಹತ್ತಿರ ಬಂದು, “ಅಮ್ಮಾರ, ಕೀಳೋದು ಯಾವಾಗ?” ಎಂದು ಅಕ್ಕನನ್ನು ಕೇಳುತ್ತಿದ್ದರು. ದೀಪಾವಳಿ ಸುಮಾರಿಗೆ ಎಂದು ಅಕ್ಕ ಹೇಳಿದ್ದಾರೆ. ನನ್ನ ಗಂಡನ ಪಾಲಿಗೆ ಬಂದಿರುವ ಎರಡು ಎಕರೆಯೂ ಅದೇ ರಸ್ತೆಯಲ್ಲಿದೆ. ಎರಡನೇ ಕುಂಟೆಯ ಮಾತು ನಮ್ಮ ಮನೆಯಲ್ಲೂ ಶುರುವಾಗಿದೆ.